ಹಳೆಯ ಮೋಟಾರು ಕಾರಿನ ಇಂಜಿನು ಒಮ್ಮೆ ಹೊರಟು ಒಮ್ಮೆ ಹೊರಡದಿರುವುದಕ್ಕೂ, ಓಡುವಾಗ ತಡವರಿಸುವುದಕ್ಕೂ ಕಾರಣಗಳನ್ನು ಕಂಡುಹಿಡಿಯುವ ಕ್ರಮ

೧. ಪೀಠಿಕೆ

ಹಳೆಯ ಪೆಟ್ರೋಲು ಕಾರುಗಳನ್ನು ಜೋಪಾನವಾಗಿ ಇಟ್ಟುಕೊಂಡು ಉಪಯೋಗಿಸುತ್ತಿರುವ ಜಮೀನುದಾರರು ನಮ್ಮ ಹಳ್ಳಿಗಳಲ್ಲಿ ಈಗಲೂ ಇದ್ದಾರೆ. ಇಂಥಾ ಗಾಡಿಗಳಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಕಂಪೆನಿಯವರು ಬಂಗಾಳದ ಉತ್ತರಪಾರಾದಲ್ಲಿ ೧೯೫೦ರ ದಶಕದ ಕೊನೆಯಿಂದ ೨೦೧೪ರ ವರೆಗೆ ತಯಾರಿಸಿದ ಅಂಬಾಸಿಡರ್ ಕಾರು ಮುಖ್ಯವಾದುದು. ಬಹುಕಾಲ ಇದಕ್ಕೆ ಅಳವಡಿಸುತ್ತಿದ್ದ ೧೪೮೯ ಸಿ.ಸಿ. ಪೆಟ್ರೋಲು ಇಂಜಿನು ಸರಳವಾದ ರಚನೆಯುಳ್ಳದ್ದಾದಕಾರಣ, ಅದರ ದೋಷಗಳನ್ನು ಬೆಲೆಬಾಳುವ ಯಂತ್ರಗಳ ಸಹಾಯವಿಲ್ಲದೆಯೇ ಕಂಡುಹಿಡಿಯಬಹುದು. ಈ ಕರಪತ್ರವು ಅದನ್ನೇ ಮಾದರಿಯಾಗಿಟ್ಟುಕೊಂಡು ಬರೆದದ್ದು. ಕಾರ್ಬುರೇಟರು ಮತ್ತು ಪಾಯಿಂಟುಗಳುಳ್ಳ ಇತರ ಹಳೆಯ ಪೆಟ್ರೋಲು ಗಾಡಿಗಳಿಗೂ ಇದರ ಬಹುಭಾಗವು ಅನ್ವಯಿಸುತ್ತದೆ. ಡೀಸೆಲ್ ಗಾಡಿಗಳಿಗೂ, ಕಂಪ್ಯೂಟರಿನಿಂದ ನಡೆಯುವ ಈಚಿನ ಗಾಡಿಗಳಿಗೂ ಇದು ಅನ್ವಯಿಸುವುದಿಲ್ಲ.

ಪೂರ್ತಿಯಾಗಿ ಕೆಟ್ಟು ನಿಂತ ಗಾಡಿಯನ್ನು ಯಾರೂ ನಂಬಿಕೊಂಡಿರುವುದಿಲ್ಲ. ಒಮ್ಮೆ ಹೊರಟು ಇನ್ನೊಮ್ಮೆ ಹೊರಡದ ಗಾಡಿಯನ್ನಾದರೋ ಎಲ್ಲರೂ ನಂಬಿಕೊಂಡಿರುತ್ತಾರೆ. ರಾತ್ರಿಯ ವೇಳೆ ಹೆರಿಗೆಯ ನೋವು ಕಾಣಿಸಿಕೊಂಡವರನ್ನಾಗಲಿ, ಹಾವು ಕಚ್ಚಿದವರನ್ನಾಗಲಿ ತಾಲ್ಲೂಕಿನ ಆಸ್ಪತ್ರೆಗೆ ಸಾಗಿಸಬೇಕಾದಾಗ ಊರಿನವರು ಇಂಥಾ ಗಾಡಿಯ ಯಜಮಾನರ ಮನೆಯ ಬಾಗಿಲಿಗೆ ಬರುವುದುಂಟು. ಆ ಗಳಿಗೆಯಲ್ಲಿ ಇಂಜಿನು ಹೊರಡದೆ ಹೋದರೆ ಆಗುವ ನಷ್ಟವನ್ನು ಹಣದಿಂದ ತುಂಬಿಕೊಡಲಾಗುವುದಿಲ್ಲ. ಆದಕಾರಣ ಈ ಬಗೆಯ ದೋಷವನ್ನು “ಹಳೆಯ ಗಾಡಿ, ಹೀಗೆಯೇ” ಎಂದು ಸಹಿಸಿಕೊಂಡಿರುವುದು ಸರಿಯಲ್ಲ.

ಇದಲ್ಲದೆ, ಊಹೆಯ ಮೇಲೆ ಇಂದು ಬ್ಯಾಟರಿ, ನಾಳೆ ಕಾಯಿಲು, ನಾಡಿದ್ದು ಕಾರ್ಬುರೇಟರು ಎಂದು ಒಂದೊಂದಾಗಿ ಬದಲಾಯಿಸುತ್ತ ಹೋಗಿ ಹಣ ಕಳೆದುಕೊಳ್ಳುವವರು ಬಹಳ ಮಂದಿ. ಅವರು ಈ ಎರಡು ನಿಯಮಗಳನ್ನು ನೆನಪಿನಲ್ಲಿಡತಕ್ಕದ್ದು. ಮೊದಲನೆಯದು, ದೋಷವು ಪ್ರತ್ಯಕ್ಷವಾಗಿರುವಾಗಲೇ ಪರೀಕ್ಷೆ ಮಾಡಬೇಕು. ಎರಡನೆಯದು, ಪರೀಕ್ಷೆಯು ಬೆರಳು ತೋರಿಸದ ಯಾವ ಭಾಗವನ್ನೂ ಬದಲಾಯಿಸಕೂಡದು.

೨. ಇಂಜಿನಿಗೆ ಬೇಕಾದುವುಗಳು

ಪೆಟ್ರೋಲು ಇಂಜಿನು ಹೊರಡಬೇಕಾದರೆ ಐದು ಸಂಗತಿಗಳು ಒಟ್ಟಿಗೆ ಸೇರಬೇಕು: (ಅ) ಸೆಲ್ಫು ಇಂಜಿನನ್ನು ಸಾಕಷ್ಟು ವೇಗವಾಗಿ ತಿರುಗಿಸಬೇಕು, (ಆ) ತಕ್ಕಷ್ಟು ಪೆಟ್ರೋಲು ಬರಬೇಕು, (ಇ) ಅದಕ್ಕೆ ಹೊಂದುವಷ್ಟು ಗಾಳಿ ಸೇರಬೇಕು, (ಈ) ಸರಿಯಾದ ವೇಳೆಗೆ ಬಲವಾದ ಕಿಡಿ ಹಾರಬೇಕು, (ಉ) ಸಿಲಿಂಡರಿನಲ್ಲಿ ಅನಿಲವು ಸೋರದೆ ಒತ್ತಲ್ಪಡಬೇಕು. ಗದ್ದೆಗೆ ನೀರು ಬಾರದಿದ್ದರೆ ರೈತನು ಕೆರೆಯ ತೂಬಿನಿಂದ ಹಿಡಿದು ಕಾಲುವೆಯುದ್ದಕ್ಕೂ ನಡೆದು ನೋಡುತ್ತಾನೆಯೇ ಹೊರತು ಗದ್ದೆಯ ಬದುವನ್ನು ಕಿತ್ತುಹಾಕುವುದಿಲ್ಲ. ಕಾರಿನಲ್ಲಿಯೂ ಟ್ಯಾಂಕಿನಿಂದ ಸಿಲಿಂಡರಿನ ವರೆಗೆ ಪೆಟ್ರೋಲಿನ ದಾರಿ ಒಂದು, ಬ್ಯಾಟರಿಯಿಂದ ಪ್ಲಗ್ಗಿನ ವರೆಗೆ ವಿದ್ಯುತ್ತಿನ ದಾರಿ ಒಂದು. ಈ ಎರಡು ದಾರಿಗಳಲ್ಲಿ ಎಲ್ಲಿಯ ವರೆಗೆ ಸರಿಯಾಗಿದೆ, ಎಲ್ಲಿಂದ ಮುಂದಕ್ಕೆ ನಿಂತಿದೆ ಎಂಬುದನ್ನು ಕ್ರಮವಾಗಿ ನೋಡುತ್ತ ಹೋಗುವುದೇ ಪರೀಕ್ಷೆಯು.

೩. ಮೊದಲು ಬರೆದಿಡತಕ್ಕ ವಿವರಗಳು

ಕುಂಟುವ ಎತ್ತನ್ನು ತೋರಿಸಿದರೆ ಪಶುವೈದ್ಯರು ಯಾವ ಕಾಲು, ಎಂದಿನಿಂದ, ಕೆಲಸಕ್ಕೆ ಮುಂಚೆಯೋ ಅನಂತರವೋ ಎಂದು ವಿಚಾರಿಸುತ್ತಾರಷ್ಟೆ. ಹಾಗೆಯೇ ಗಾಡಿಯಲ್ಲಿ ಒಂದು ಸಣ್ಣ ಪುಸ್ತಕವನ್ನಿಟ್ಟು, ದೋಷ ಕಾಣಿಸಿದಾಗಲೆಲ್ಲಾ ಈ ಕೆಳಗಿನ ವಿವರಗಳನ್ನು ಬರೆದಿಡತಕ್ಕದ್ದು:

(ಅ) ಇಂಜಿನು ತಣ್ಣಗಿತ್ತೋ, ಕಾದಿತ್ತೋ. ನಿಲ್ಲಿಸಿ ಎಷ್ಟು ನಿಮಿಷವಾಗಿತ್ತು.
(ಆ) ಮಳೆಯೋ, ಮಂಜೋ, ಬಿಸಿಲೋ.
(ಇ) ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲಿತ್ತು. ಅದನ್ನು ಯಾವಾಗ ತುಂಬಿಸಿದ್ದು.
(ಈ) ಸೆಲ್ಫು ತಿರುಗಿತೋ ಇಲ್ಲವೋ.
(ಉ) ಓಡುವಾಗ ತಡವರಿಸಿದ್ದಾದರೆ ಸಮನಾದ ರಸ್ತೆಯಲ್ಲೋ, ಏರಿನಲ್ಲೋ, ಆಕ್ಸಿಲರೇಟರನ್ನು ಒತ್ತಿದ ಕ್ಷಣದಲ್ಲೋ.
(ಊ) ಮತ್ತೆ ಸರಿಹೋದದ್ದು ಹೇಗೆ, ಎಷ್ಟು ಹೊತ್ತಿಗೆ.

ಐದಾರು ಸಲದ ವಿವರಗಳು ಸೇರಿದ ಮೇಲೆ ಅವುಗಳನ್ನು ಹೋಲಿಸಿದರೆ, ದೋಷವು ಯಾವಾಗಲೂ ಯಾವುದೋ ಒಂದು ಸಂದರ್ಭದೊಡನೆಯೇ ಬರುತ್ತಿರುವುದು ಸಾಮಾನ್ಯವಾಗಿ ಗೋಚರಿಸುತ್ತದೆ. ಮಳೆಯಲ್ಲಿ ಮಾತ್ರ ಬರುವ ದೋಷವು ಹೆಚ್ಚಾಗಿ ಕಿಡಿಯ ತಂತಿಗಳದ್ದು. ಕಾದ ಮೇಲೆ ಬರುವುದು ಕಾಯಿಲಿನದೋ, ಕಂಡೆನ್ಸರಿನದೋ, ಪೆಟ್ರೋಲು ಆವಿಯಾಗುವುದರದೋ ಆಗಿರಬಹುದು. ಕುಲುಕಿದಾಗ ಬರುವುದು ಸಡಿಲವಾದ ತಂತಿಯದು.

೪. ಸೆಲ್ಫು ತಿರುಗದಿದ್ದರೆ

ಮುಂದಿನ ದೀಪಗಳನ್ನು ಹಚ್ಚಿಕೊಂಡು ಸೆಲ್ಫನ್ನು ಹಾಕಬೇಕು. ದೀಪಗಳು ತೀರಾ ಮಂಕಾದರೆ ಅಥವಾ ಆರಿಹೋದರೆ ಬ್ಯಾಟರಿಯ ಬಲ ಕುಂದಿದೆ, ಇಲ್ಲವೆ ಅದರ ಟರ್ಮಿನಲ್ಲುಗಳು ಕೊಳೆತಿವೆ. ದೀಪಗಳು ಮೊದಲಿನಂತೆಯೇ ಉರಿಯುತ್ತಿದ್ದು ಸೆಲ್ಫು ಮಾತ್ರ ಅಲುಗದಿದ್ದರೆ ವಿದ್ಯುತ್ತು ಸೆಲ್ಫಿಗೆ ತಲಪುತ್ತಿಲ್ಲ. ಆಗ ಸ್ವಿಚ್ಚನ್ನೂ, ಸೆಲ್ಫಿನ ತಂತಿಗಳನ್ನೂ ನೋಡಬೇಕು.

ವೋಲ್ಟ್ ಮೀಟರು ಇದ್ದವರು ಗಾಡಿಯನ್ನು ಕೆಲವು ಗಂಟೆ ನಿಲ್ಲಿಸಿದ ಮೇಲೆ ೧೨ ವೋಲ್ಟಿನ ಬ್ಯಾಟರಿಯನ್ನು ಅಳೆಯಬೇಕು. ೧೨.೬ ವೋಲ್ಟು ಇದ್ದರೆ ತುಂಬಿದೆ, ೧೨.೨ ಇದ್ದರೆ ಸುಮಾರು ಅರ್ಧ ಮಾತ್ರ ಉಳಿದಿದೆ. ಸೆಲ್ಫು ತಿರುಗುವಾಗ ೯.೬ಕ್ಕಿಂತ ಕೆಳಗಿಳಿಯಬಾರದು. ಇಂಜಿನು ಓಡುವಾಗ ೧೪ರ ಹತ್ತಿರಕ್ಕೆ ಏರದಿದ್ದರೆ ಬ್ಯಾಟರಿಯು ದಾರಿಯಲ್ಲಿ ತುಂಬಿಕೊಳ್ಳುತ್ತಿಲ್ಲವೆಂದು ತಿಳಿಯಬೇಕು. ಟರ್ಮಿನಲ್ಲುಗಳ ಮೇಲೆ ಬಿಳಿಯ ಅಥವಾ ಹಸುರು ಪುಡಿ ಕಟ್ಟಿದ್ದರೆ ಅಡಿಗೆಸೋಡ ಕದಡಿದ ಬಿಸಿನೀರಿನಿಂದ ತೊಳೆದು, ಒರಸಿ, ಬಿಗಿದು, ವ್ಯಾಸಲೀನು ಸವರತಕ್ಕದ್ದು. ಸೋಡದ ನೀರು ಬ್ಯಾಟರಿಯ ಒಳಕ್ಕೆ ಬೀಳಕೂಡದು.

ಇಲ್ಲಿ ಅನೇಕರು ಮರೆಯುವ ಭಾಗವೊಂದುಂಟು. ಇಂಜಿನು ರಬ್ಬರಿನ ಮೇಲೆ ಕುಳಿತಿರುವುದರಿಂದ, ಅದನ್ನು ಗಾಡಿಯ ಲೋಹದ ಮೈಗೆ ಸೇರಿಸುವ ಹೆಣೆದ ಅರ್ತ್ ಪಟ್ಟಿಯೊಂದಿರುತ್ತದೆ. ಇದು ತುಕ್ಕು ಹಿಡಿದರೆ ಅಥವಾ ಸಡಿಲವಾದರೆ ಸೆಲ್ಫು ಒಂದು ದಿನ ತಿರುಗಿ ಒಂದು ದಿನ ತಿರುಗುವುದಿಲ್ಲ. ಸೆಲ್ಫು ಹಾಕಿದಾಗ ಚೋಕಿನ ತಂತಿಯು ಬೆಚ್ಚಗಾಗುತ್ತಿದ್ದರೆ, ವಿದ್ಯುತ್ತು ತನ್ನ ದಾರಿ ಕೆಟ್ಟದ್ದರಿಂದ ಆ ತಂತಿಯ ಮೂಲಕ ಹಿಂತಿರುಗುತ್ತಿದೆಯೆಂಬುದಕ್ಕೆ ಅದೇ ಗುರುತು.

೫. ಸೆಲ್ಫು ತಿರುಗಿದರೂ ಇಂಜಿನು ಹತ್ತದಿದ್ದರೆ: ಕಿಡಿಯ ಪರೀಕ್ಷೆ

ಗಾಡಿಯಲ್ಲಿ ಒಂದು ಒಳ್ಳೆಯ ಪ್ಲಗ್ಗನ್ನು ಬಿಡಿಯಾಗಿ ಇಟ್ಟುಕೊಂಡಿರಬೇಕು. ಇಂಜಿನಿನಲ್ಲಿರುವ ಪ್ಲಗ್ಗುಗಳನ್ನು ಬಿಚ್ಚದೆ, ಒಂದು ಪ್ಲಗ್ಗಿನ ತಂತಿಯನ್ನು ಮಾತ್ರ ಎಳೆದು ಈ ಬಿಡಿ ಪ್ಲಗ್ಗಿಗೆ ಸಿಕ್ಕಿಸಿ, ಪ್ಲಗ್ಗಿನ ಲೋಹದ ಮೈಯನ್ನು ಇಂಜಿನಿನ ಬಣ್ಣವಿಲ್ಲದ ಲೋಹಕ್ಕೆ ತಾಗುವಂತೆ ಭದ್ರವಾಗಿ ಇರಿಸಬೇಕು. ಕಾರ್ಬುರೇಟರಿನಿಂದ ದೂರವಿರಬೇಕು, ಎಲ್ಲಿಯೂ ಪೆಟ್ರೋಲು ಸೋರಿರಬಾರದು, ಸೆಲ್ಫು ತಿರುಗುವಾಗ ತಂತಿಯನ್ನು ಕೈಯಲ್ಲಿ ಹಿಡಿಯಕೂಡದು. ಇನ್ನೊಬ್ಬರಿಂದ ಸೆಲ್ಫು ಹಾಕಿಸಿದರೆ, ನೀಲಿಯಾಗಿ ಚಟಚಟನೆ ಹಾರುವ ಕಿಡಿಯು ಒಳ್ಳೆಯದು. ಹಳದಿಯೋ ಕೆಂಪೋ ಆಗಿ ಎಳೆಯಂತಿರುವ ಕಿಡಿಯು ದುರ್ಬಲವಾದುದು. ಕಿಡಿಯೇ ಇಲ್ಲದಿದ್ದರೆ ಹಿಂದಕ್ಕೆ ಹುಡುಕುತ್ತ ಹೋಗಬೇಕು.

೧೨ ವೋಲ್ಟಿನ ಟೆಸ್ಟ್ ಲ್ಯಾಂಪಿನ ಒಂದು ತುದಿಯನ್ನು ಇಂಜಿನಿನ ಲೋಹಕ್ಕೆ ಕಟ್ಟಿ, ಕೀ ಹಾಕಿ, ಇನ್ನೊಂದು ತುದಿಯನ್ನು ಕಾಯಿಲಿಗೆ ವಿದ್ಯುತ್ತು ಬರುವ ಟರ್ಮಿನಲ್ಲಿಗೆ ಮುಟ್ಟಿಸಬೇಕು. ದೀಪ ಹತ್ತದಿದ್ದರೆ ದೋಷವು ಕೀ ಸ್ವಿಚ್ಚಿನಲ್ಲೋ ಅದರ ತಂತಿಯಲ್ಲೋ ಇದೆ. ಹತ್ತಿದರೆ, ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ಸಣ್ಣ ತಂತಿಯ ಟರ್ಮಿನಲ್ಲಿಗೆ ಮುಟ್ಟಿಸಿ ಸೆಲ್ಫು ಹಾಕಿಸಬೇಕು. ದೀಪವು ಮಿಣುಕಿದರೆ ಪಾಯಿಂಟುಗಳು ತೆರೆದು ಮುಚ್ಚುತ್ತಿವೆ. ಮಿಣುಕದೆ ಒಂದೇ ಸಮನೆ ಉರಿದರೆ ಪಾಯಿಂಟುಗಳು ಕೂಡಿಕೊಳ್ಳುತ್ತಿಲ್ಲ, ಅಥವಾ ಅವುಗಳ ಮುಖ ಕೊಳೆಯಾಗಿದೆ. ಹತ್ತದೆಯೇ ಇದ್ದರೆ ಪಾಯಿಂಟು ತೆರೆಯುತ್ತಿಲ್ಲ, ಇಲ್ಲವೆ ತಂತಿಯೋ ಕಂಡೆನ್ಸರೋ ಲೋಹಕ್ಕೆ ತಾಗಿದೆ, ಇಲ್ಲವೆ ಕಾಯಿಲಿನ ಒಳತಂತಿ ಕಡಿದಿದೆ.

ಪಾಯಿಂಟುಗಳು ಪೂರ್ತಿ ತೆರೆದಾಗ ಅವುಗಳ ನಡುವಣ ಅಂತರವು ೦.೩೫ರಿಂದ ೦.೪೦ ಮಿಲಿಮೀಟರೂ, ಪ್ಲಗ್ಗಿನ ಅಂತರವು ಸುಮಾರು ೦.೬೫ ಮಿಲಿಮೀಟರೂ ಇರತಕ್ಕದ್ದು. ಪಾಯಿಂಟುಗಳು ಬೇಗ ಬೇಗನೆ ಸುಟ್ಟು ಕಪ್ಪಾಗುತ್ತಿದ್ದರೆ ಕಂಡೆನ್ಸರನ್ನು ಸಂಶಯಿಸಬೇಕು.

ಪಾಯಿಂಟುಗಳು ಸರಿಯಾಗಿದ್ದೂ ಪ್ಲಗ್ಗಿಗೆ ಕಿಡಿ ಬಾರದಿದ್ದರೆ ಡಿಸ್ಟ್ರಿಬ್ಯೂಟರಿನ ಮುಚ್ಚಳವನ್ನು ತೆಗೆದು ಒಳಗೆ ತೇವವಿದೆಯೇ, ಕೂದಲೆಳೆಯಂಥ ಬಿರುಕೋ ಕಪ್ಪುಗೆರೆಯೋ ಇದೆಯೇ ನೋಡಬೇಕು. ಮಲೆನಾಡಿನ ಮಳೆಗಾಲದಲ್ಲಿ ಬೆಳಗಿನ ಹೊತ್ತು ಗಾಡಿ ಹೊರಡದಿರುವುದಕ್ಕೆ ಈ ತೇವವೇ ಅನೇಕ ವೇಳೆ ಕಾರಣ. ಒಣ ಬಟ್ಟೆಯಿಂದ ಒರಸಿದರೆ ಸಾಕಾಗುತ್ತದೆ. ಕತ್ತಲೆಯಲ್ಲಿ ಬಾನೆಟ್ಟನ್ನು ತೆರೆದು ಇಂಜಿನನ್ನು ಓಡಿಸಿ ನೋಡಿದರೆ, ಹಳೆಯ ತಂತಿಗಳಿಂದ ಹೊರಕ್ಕೆ ಹಾರುವ ನೀಲಿ ಕಿಡಿಗಳು ಕಣ್ಣಿಗೇ ಕಾಣುತ್ತವೆ. ಹುಲ್ಲು, ಧಾನ್ಯಗಳ ಸಮೀಪ ಗಾಡಿ ನಿಲ್ಲಿಸುವವರು ಇಲಿಗಳು ತಂತಿಗಳನ್ನು ಕಡಿದಿವೆಯೇ ಎಂಬುದನ್ನೂ ನೋಡತಕ್ಕದ್ದು.

೬. ಪೆಟ್ರೋಲಿನ ಪರೀಕ್ಷೆ

ಕಿಡಿಯು ಬಲವಾಗಿದ್ದರೆ ಪೆಟ್ರೋಲಿನ ದಾರಿಯನ್ನು ನೋಡಬೇಕು. ಇದನ್ನು ಇಂಜಿನು ತಣ್ಣಗಾದ ಮೇಲೆ, ಬಯಲಿನಲ್ಲಿ, ಬೆಂಕಿ ಬೀಡಿಗಳು ಹತ್ತಿರವಿಲ್ಲದಾಗ ಮಾತ್ರ ಮಾಡತಕ್ಕದ್ದು. ಕಾಯಿಲಿಗೆ ವಿದ್ಯುತ್ತು ತರುವ ತಂತಿಯನ್ನು ಬಿಡಿಸಿ ಕಿಡಿ ಹಾರದಂತೆ ಮಾಡಿ, ಅದರ ತುದಿಯು ಲೋಹಕ್ಕೆ ತಾಗದಂತೆ ಬಟ್ಟೆ ಸುತ್ತಬೇಕು. ಅನಂತರ ಕಾರ್ಬುರೇಟರಿಗೆ ಸೇರುವ ಕೊಳವೆಯನ್ನು ಬಿಚ್ಚಿ ಒಂದು ಪಾತ್ರೆಯೊಳಕ್ಕೆ ಬಿಟ್ಟು ಸೆಲ್ಫು ಹಾಕಿಸಬೇಕು. ಪೆಟ್ರೋಲು ಚಿಮ್ಮಿ ಚಿಮ್ಮಿ ಬಲವಾಗಿ ಬಂದರೆ ಪಂಪು ಒಳ್ಳೆಯದು. ತೊಟ್ಟಿಕ್ಕಿದರೆ ಫಿಲ್ಟರಿನಲ್ಲಿ ಕಸ ಕಟ್ಟಿರಬಹುದು, ಪಂಪಿನ ಡಯಾಫ್ರಮ್ಮು ಹರಿದಿರಬಹುದು, ಅಥವಾ ಟ್ಯಾಂಕಿನಿಂದ ಬರುವ ಕೊಳವೆಯ ಬಿರುಕಿನಲ್ಲಿ ಪಂಪು ಗಾಳಿಯನ್ನು ಎಳೆಯುತ್ತಿರಬಹುದು.

ಇದಕ್ಕೆ ವಿರುದ್ಧವಾಗಿ ಪೆಟ್ರೋಲಿನ ವಾಸನೆ ಬಲವಾಗಿ ಬಂದು ಪ್ಲಗ್ಗುಗಳು ಒದ್ದೆಯಾಗಿದ್ದರೆ ಓವರ್‌ಫ್ಲೋ ಆಗಿದೆ. ಆಗ ಚೋಕನ್ನು ಒಳಕ್ಕೆ ತಳ್ಳಿ, ಆಕ್ಸಿಲರೇಟರನ್ನು ಪದೇ ಪದೇ ತುಳಿಯದೆ ಒಂದೇ ಸಲ ಪೂರ್ತಿ ಒತ್ತಿಹಿಡಿದು ಸೆಲ್ಫು ಹಾಕಬೇಕು. ಪದೇ ಪದೇ ಹೀಗಾದರೆ ಕಾರ್ಬುರೇಟರಿನ ಫ್ಲೋಟು ಮತ್ತು ಸೂಜಿಯನ್ನು ನೋಡಿಸಬೇಕು.

೭. ಒಂದು ದೃಷ್ಟಾಂತ

ಒಂದು ಗಾಡಿಯು ಬೆಳಿಗ್ಗೆ ಚೆನ್ನಾಗಿ ಹೊರಟು, ಬೇಸಿಗೆಯ ಬಿಸಿಲಿನಲ್ಲಿ ಮೂವತ್ತು ಕಿಲೋಮೀಟರು ಓಡಿ, ಸಂತೆಯಲ್ಲಿ ಹತ್ತು ನಿಮಿಷ ನಿಂತ ಮೇಲೆ ಹತ್ತದೆ, ಅರ್ಧ ಗಂಟೆ ಬಿಟ್ಟರೆ ತಾನಾಗಿಯೇ ಹತ್ತುತ್ತದೆ ಎಂದಿಟ್ಟುಕೊಳ್ಳೋಣ. ಇದಕ್ಕೆ ಮುಖ್ಯವಾಗಿ ಮೂರು ಕಾರಣಗಳುಂಟು. ಮೂರೂ ಹೊರಗಿನಿಂದ ಒಂದೇ ತೆರನಾಗಿ ಕಾಣುತ್ತವೆ.

ಮೊದಲನೆಯದು, ಕಾಯಿಲಿನ ಅಥವಾ ಕಂಡೆನ್ಸರಿನ ಒಳಭಾಗವು ಕಾದಾಗ ಕೆಟ್ಟು, ತಣಿದಾಗ ಸರಿಹೋಗುವುದು. ಆ ಹತ್ತು ನಿಮಿಷದೊಳಗೇ ಕಿಡಿಯನ್ನು ಪರೀಕ್ಷಿಸಿದರೆ ಅದು ದುರ್ಬಲವಾಗಿರುತ್ತದೆ. ತಣಿದ ಮೇಲೆ ಪರೀಕ್ಷಿಸಿದರೆ ಬಲವಾಗಿರುತ್ತದೆ.

ಎರಡನೆಯದು, ಇಂಜಿನಿನ ಕಾವಿಗೆ ಪಂಪಿನಲ್ಲಿಯೂ ಕೊಳವೆಯಲ್ಲಿಯೂ ಪೆಟ್ರೋಲು ಆವಿಯಾಗಿ, ಪಂಪು ಆವಿಯನ್ನು ಮಾತ್ರ ಒತ್ತುತ್ತ ಪೆಟ್ರೋಲನ್ನು ಸಾಗಿಸದಿರುವುದು. ಇದನ್ನು ಚಾಲಕರು ಏರ್‌ಲಾಕ್ ಎನ್ನುತ್ತಾರೆ. ಕಿಡಿಯು ಚೆನ್ನಾಗಿದ್ದು, ಪಂಪಿನ ಮೇಲೂ ಕೊಳವೆಯ ಮೇಲೂ ತಣ್ಣೀರಿನ ಬಟ್ಟೆಯನ್ನು ಹಾಕಿದ ಕೆಲವು ನಿಮಿಷಗಳಲ್ಲಿ ಇಂಜಿನು ಹತ್ತಿದರೆ ಇದೇ ಕಾರಣ. ಕೊಳವೆಯನ್ನು ಹೊಗೆಕೊಳವೆಯ ಕಾವಿನಿಂದ ದೂರಕ್ಕೆ ಸರಿಸಿ ಕಟ್ಟಿಸಬೇಕು.

ಮೂರನೆಯದು, ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯಾಡುವ ಸಣ್ಣ ರಂಧ್ರವು ಮಣ್ಣಿನಿಂದ ಮುಚ್ಚಿರುವುದು. ಪೆಟ್ರೋಲು ಖರ್ಚಾದಂತೆ ಟ್ಯಾಂಕಿನೊಳಕ್ಕೆ ಗಾಳಿ ಬಾರದಿರುವುದರಿಂದ ಪಂಪು ಎಳೆಯಲಾರದು. ಮುಚ್ಚಳವನ್ನು ತಿರುವಿದೊಡನೆ ಗಾಳಿಯು ಸುಯ್ಯೆಂದು ಒಳಕ್ಕೆ ನುಗ್ಗಿ, ಸ್ವಲ್ಪ ಹೊತ್ತಿಗೆ ಇಂಜಿನು ಹತ್ತಿದರೆ ಇದೆಂದು ನಿಶ್ಚಯಿಸಬಹುದು. ಒಂದು ತೆಳುವಾದ ತಂತಿಯಿಂದ ಆ ರಂಧ್ರವನ್ನು ಬಿಡಿಸಿದರೆ ಖರ್ಚಿಲ್ಲದೆ ರಿಪೇರಿಯಾಯಿತು.

ಅರ್ಧ ಗಂಟೆ ಕಾದಿದ್ದು, ಹತ್ತಿದ ಮೇಲೆ ರಿಪೇರಿ ಅಂಗಡಿಗೆ ಒಯ್ದರೆ ಅಲ್ಲಿ ಎಲ್ಲವೂ ಸರಿಯಾಗಿಯೇ ಇರುವುದರಿಂದ ಎಷ್ಟು ನಿಪುಣನಾದ ಮೆಕ್ಯಾನಿಕ್ಕಿಗೂ ಊಹೆಯ ಹೊರತು ಬೇರೆ ದಾರಿ ಇರುವುದಿಲ್ಲ. ದೋಷವಿದ್ದಾಗಲೇ ಯಜಮಾನನು ನೋಡಿ ಬರೆದಿಟ್ಟ ವಿವರವೇ ಅವನಿಗೆ ದಾರಿ ತೋರಿಸುತ್ತದೆ.

೮. ಓಡುವಾಗ ತಡವರಿಸುವುದು

ಆಕ್ಸಿಲರೇಟರನ್ನು ಒತ್ತಿದ ಕ್ಷಣದಲ್ಲಿ ಇಂಜಿನು ಒಮ್ಮೆ ಉಸಿರು ಕಟ್ಟಿದಂತಾಗಿ ಅನಂತರ ಎಳೆದರೆ, ಆ ಕ್ಷಣಕ್ಕೆ ಬೇಕಾದ ಹೆಚ್ಚಿನ ಪೆಟ್ರೋಲು ದೊರೆಯುತ್ತಿಲ್ಲವೆಂದರ್ಥ. ಎಸ್.ಯು. ಮಾದರಿಯ ಕಾರ್ಬುರೇಟರಿರುವ ಗಾಡಿಗಳಲ್ಲಿ, ಮೇಲಿನ ಬುಡ್ಡಿಯಂಥ ಭಾಗದೊಳಗೆ ಪಿಸ್ಟನ್ನೊಂದಿದ್ದು, ಅದು ಒಮ್ಮೆಲೇ ಮೇಲೇಳದಂತೆ ತಡೆಯಲು ತೆಳುವಾದ ಎಣ್ಣೆ ಇರುತ್ತದೆ. ಈ ಎಣ್ಣೆ ಒಣಗಿದರೆ ತಡವರಿಕೆಯು ತಪ್ಪದೆ ಬರುತ್ತದೆ. ಮೇಲಿನ ತಿರುಪನ್ನು ಬಿಚ್ಚಿ, ಪಿಸ್ಟನ್ನಿನ ಟೊಳ್ಳು ಕಂಬಿಯ ತುದಿಗಿಂತ ಸುಮಾರು ಅರ್ಧ ಅಂಗುಲ ಮೇಲಕ್ಕೆ ಬರುವಷ್ಟು ೨೦ನೆಯ ನಂಬರಿನ ಇಂಜಿನು ಎಣ್ಣೆಯನ್ನು ಹಾಕತಕ್ಕದ್ದು. ಬೇರೆ ಮಾದರಿಯ ಅನೇಕ ಕಾರ್ಬುರೇಟರುಗಳಲ್ಲಿ ಈ ಕೆಲಸಕ್ಕೆ ಸಣ್ಣ ಪಂಪೊಂದಿರುತ್ತದೆ. ಇಂಜಿನನ್ನು ನಿಲ್ಲಿಸಿ, ತಣಿದ ಮೇಲೆ ಏರ್ ಕ್ಲೀನರನ್ನು ತೆಗೆದು ಬಾಯಿಯೊಳಗೆ ನೋಡುತ್ತ ಆಕ್ಸಿಲರೇಟರನ್ನು ಎಳೆದರೆ ಪೆಟ್ರೋಲಿನ ಧಾರೆಯು ತಕ್ಷಣವೇ ಚಿಮ್ಮಬೇಕು. ಚಿಮ್ಮದಿದ್ದರೆ ಅದರ ಡಯಾಫ್ರಮ್ಮು ಕೆಟ್ಟಿದೆ.

ಇದೇ ಬಗೆಯ ತಡವರಿಕೆಗೆ ಡಿಸ್ಟ್ರಿಬ್ಯೂಟರಿನಲ್ಲಿಯೂ ಒಂದು ಕಾರಣವುಂಟು. ಆಕ್ಸಿಲರೇಟರನ್ನು ಒತ್ತಿ ಬಿಟ್ಟಂತೆ ಪಾಯಿಂಟುಗಳ ತಟ್ಟೆಯು ಸ್ವಲ್ಪ ಸ್ವಲ್ಪ ತಿರುಗುವುದರಿಂದ, ಅಲ್ಲಿನ ಸಣ್ಣ ಬಳುಕುವ ತಂತಿಯು ವರ್ಷಾಂತರದಲ್ಲಿ ಹೊದಿಕೆಯೊಳಗೇ ಕಡಿದುಹೋಗುತ್ತದೆ. ಹೊರಗೆ ನೋಡಿದರೆ ಚೆನ್ನಾಗಿಯೇ ಕಾಣುತ್ತದೆ; ಮೆಲ್ಲನೆ ಎಳೆದು ನೋಡಿದರೆ ರಬ್ಬರಿನಂತೆ ಹಿಗ್ಗುತ್ತದೆ. ಹಾಗಿದ್ದರೆ ಅದನ್ನು ಬದಲಾಯಿಸಬೇಕು.

ಏರಿನಲ್ಲಿ ಮಾತ್ರ ಬಲಗುಂದುವುದಾದರೆ ಪೆಟ್ರೋಲಿನ ಫಿಲ್ಟರನ್ನೂ ಪಂಪನ್ನೂ ನೋಡಬೇಕು. ಇಂಜಿನು ನಿಂತಲ್ಲೇ ಏರಿಳಿಯುತ್ತ ಓಡಿದರೆ ಕಾರ್ಬುರೇಟರಿನ ಕೆಳಗಣ ಗ್ಯಾಸ್ಕೆಟ್ಟಿನಲ್ಲಿ ಗಾಳಿ ಸೇರುತ್ತಿರಬಹುದು. ಪ್ಲಗ್ಗಿನ ತುದಿಯ ಬಣ್ಣವೂ ಉಪಯುಕ್ತವಾದ ಸಾಕ್ಷಿ: ಬೂದು ಮಿಶ್ರವಾದ ಕಂದು ಬಣ್ಣ ಒಳ್ಳೆಯದು, ಒಣಗಿದ ಕಾಡಿಗೆಯಂಥ ಕಪ್ಪಾದರೆ ಪೆಟ್ರೋಲು ಹೆಚ್ಚು, ಸುಣ್ಣದಂತೆ ಬಿಳುಪಾದರೆ ಕಡಿಮೆ. ಇವೆಲ್ಲವೂ ಸರಿಯಾಗಿದ್ದೂ ದೋಷವು ಉಳಿದರೆ ವಾಲ್ವುಗಳ ಅಂತರವನ್ನೂ ಕಂಪ್ರೆಶನ್ನನ್ನೂ ಮೆಕ್ಯಾನಿಕ್ಕಿನಿಂದ ಅಳೆಯಿಸತಕ್ಕದ್ದು.

೯. ಎಥನಾಲು ಬೆರೆತ ಪೆಟ್ರೋಲು

ಕಬ್ಬಿನ ರಸ, ಕಾಕಂಬಿ, ಮುಸುಕಿನ ಜೋಳ ಮೊದಲಾದುವುಗಳಿಂದ ತಯಾರಾಗುವ ಎಥನಾಲನ್ನು ನಮ್ಮ ದೇಶದಲ್ಲಿ ಪೆಟ್ರೋಲಿಗೆ ಬೆರೆಸುವ ಪ್ರಮಾಣವು ೨೦೨೨ರಲ್ಲಿ ಶೇಕಡ ೧೦ನ್ನೂ, ೨೦೨೫ರಲ್ಲಿ ಶೇಕಡ ೨೦ನ್ನೂ ಮುಟ್ಟಿತು. ನಮ್ಮ ಹೊಲಗಳ ಬೆಳೆಯೇ ಹೀಗೆ ಗಾಡಿಯ ಟ್ಯಾಂಕಿಗೆ ಬರುತ್ತಿರುವುದು ರೈತರಿಗೆ ಗೊತ್ತಿರುವ ವಿಷಯ. ಆದರೆ ಹಳೆಯ ಗಾಡಿಗಳನ್ನು ಇದಕ್ಕಾಗಿ ತಯಾರಿಸಿರಲಿಲ್ಲ. ಎಥನಾಲಿನಲ್ಲಿ ಆಮ್ಲಜನಕವಿರುವುದರಿಂದ ಹಳೆಯ ಅಳತೆಗೆ ಕೂರಿಸಿದ ಕಾರ್ಬುರೇಟರಿನಲ್ಲಿ ಮಿಶ್ರಣವು ತೆಳುವಾಗಿ, ತಡವರಿಕೆಯು ಹೆಚ್ಚಬಹುದು. ಹಳೆಯ ರಬ್ಬರಿನ ಕೊಳವೆಗಳೂ ಡಯಾಫ್ರಮ್ಮುಗಳೂ ಉಬ್ಬಿ ಬಿರಿಯಬಹುದು. ಟ್ಯಾಂಕಿನ ತಳದ ಹಳೆಯ ಕೊಳೆಯು ಸಡಿಲವಾಗಿ ಫಿಲ್ಟರಿಗೆ ಬರಬಹುದು. ಎಥನಾಲು ತೇವವನ್ನು ಹೀರಿಕೊಳ್ಳುವುದರಿಂದ ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ನೀರು ಸೇರಿದ ಪದರವು ತಳಕ್ಕೆ ಇಳಿಯುವುದೂ ಉಂಟು.

ಆದ್ದರಿಂದ ಎಥನಾಲಿಗೆ ತಡೆಯುವ ಕೊಳವೆಗಳನ್ನೂ ಡಯಾಫ್ರಮ್ಮುಗಳನ್ನೂ ಹಾಕಿಸಬೇಕು. ಫಿಲ್ಟರನ್ನು ಆಗಾಗ್ಗೆ ಬದಲಾಯಿಸಬೇಕು. ಮಳೆಗಾಲದಲ್ಲಿ ಅರೆ ಖಾಲಿಯಾದ ಟ್ಯಾಂಕಿನೊಡನೆ ಗಾಡಿಯನ್ನು ಬಹುದಿನ ನಿಲ್ಲಿಸಬಾರದು. ಪ್ಲಗ್ಗುಗಳು ಬಿಳುಪಾಗಿದ್ದರೆ ತಿಳಿದವರಿಂದ ಮಿಶ್ರಣವನ್ನು ಸರಿಪಡಿಸಿಕೊಳ್ಳಬೇಕು.

೧೦. ಎಚ್ಚರಿಕೆಗಳು

(ಅ) ಗಾಡಿ ಹತ್ತದಿದ್ದಾಗ ಕಾರ್ಬುರೇಟರಿನ ಬಾಯಿಗೆ ಪೆಟ್ರೋಲು ಸುರಿದು ಸೆಲ್ಫು ಹಾಕುವ ರೂಢಿಯು ಅತ್ಯಂತ ಅಪಾಯಕರ. ಇಂಜಿನು ಹಿಂದಕ್ಕೆ ಸಿಡಿದರೆ ಜ್ವಾಲೆಯು ಸುರಿಯುವವನ ಮುಖಕ್ಕೂ ಕೈಯಲ್ಲಿರುವ ಸೀಸೆಗೂ ಹತ್ತುತ್ತದೆ. ಇದನ್ನು ಯಾವ ಕಾರಣಕ್ಕೂ ಮಾಡಕೂಡದು.
(ಆ) ಬಾಗಿಲು ಮುಚ್ಚಿದ ಕೊಟ್ಟಿಗೆಯಲ್ಲಿ ಇಂಜಿನನ್ನು ಓಡಿಸಕೂಡದು. ಅದರ ಹೊಗೆಯಲ್ಲಿ ವಾಸನೆಯಿಲ್ಲದ ವಿಷಾನಿಲವಿದ್ದು, ತಿಳಿಯದಂತೆಯೇ ಪ್ರಾಣ ತೆಗೆಯುತ್ತದೆ.
(ಇ) ಇಂಜಿನು ಓಡುತ್ತಿರುವಾಗ ಪಂಚೆ, ಟವೆಲು, ಸೆರಗುಗಳನ್ನು ಫ್ಯಾನಿನ ಹತ್ತಿರ ಬಿಡಬಾರದು.
(ಈ) ಸೆಲ್ಫನ್ನು ಒಂದೇ ಸಮನೆ ಹತ್ತು ಸೆಕೆಂಡಿಗಿಂತ ಹೆಚ್ಚು ಹಾಕಬಾರದು. ನಡುವೆ ಅದು ತಣಿಯಲು ಬಿಡಬೇಕು.
(ಉ) ಪಾಯಿಂಟುಗಳ ಬದಲು ಎಲೆಕ್ಟ್ರಾನಿಕ್ ಸಾಧನವನ್ನು ಹಾಕಿಸಿರುವ ಗಾಡಿಗಳಲ್ಲಿ ಮೇಲೆ ಹೇಳಿದ ಕಿಡಿಯ ಪರೀಕ್ಷೆಯನ್ನು ತಿಳಿದವರಿಂದಲೇ ಮಾಡಿಸಬೇಕು.

೧೧. ಮುಕ್ತಾಯ

ಬಿಡಿ ಪ್ಲಗ್ಗು, ಟೆಸ್ಟ್ ಲ್ಯಾಂಪು, ಫೀಲರ್ ಗೇಜು, ಎರಡು ಮೂರು ಸ್ಪಾನರುಗಳು, ಒಣ ಬಟ್ಟೆ, ಒಂದು ಸೀಸೆ ನೀರು, ಮತ್ತು ವಿವರ ಬರೆಯುವ ಪುಸ್ತಕ, ಇಷ್ಟು ಸಾಮಾನುಗಳು ಗಾಡಿಯಲ್ಲಿ ಸದಾ ಇರಲಿ. ಒಂದು ಸಲಕ್ಕೆ ಒಂದೇ ಬದಲಾವಣೆಯನ್ನು ಮಾಡಿ, ಅದರ ಫಲವನ್ನು ಕೆಲವು ದಿನ ನೋಡಿ, ಅನಂತರ ಮುಂದಿನದಕ್ಕೆ ಕೈ ಹಾಕತಕ್ಕದ್ದು. ಎರಡು ಮೂರನ್ನು ಒಟ್ಟಿಗೆ ಬದಲಾಯಿಸಿದರೆ ದೋಷವು ಹೋದರೂ ಅದು ಯಾವುದರಲ್ಲಿತ್ತೆಂಬುದು ತಿಳಿಯುವುದಿಲ್ಲ.

ಗ್ರಾಮದ ಯಜಮಾನರು ಈ ವಿಷಯಗಳನ್ನು ತಮ್ಮ ಚಾಲಕರಿಗೂ ಮನೆಯ ಹುಡುಗರಿಗೂ ಓದಿ ಹೇಳಿ, ಹಗಲಿನಲ್ಲಿ ಬಿಡುವಾದಾಗ ಒಂದೊಂದು ಪರೀಕ್ಷೆಯನ್ನೂ ಕೈಯಾರೆ ಮಾಡಿಸಿ ಅಭ್ಯಾಸ ಮಾಡಿಸಬೇಕು. ಕತ್ತಲಲ್ಲಿ, ಗಾಬರಿಯಲ್ಲಿ, ಒಬ್ಬ ರೋಗಿಯು ಹಿಂದಿನ ಸೀಟಿನಲ್ಲಿ ಮಲಗಿರುವಾಗ ಕಲಿಯಲು ಅವಕಾಶವಿರುವುದಿಲ್ಲ.